ಎರಡನೇ ಕೂಗು

ಅಣ್ಣ,

ಕೋರ್ಟಿಂದ ಪೊಲೀಸರು ನಿನ್ನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ನಾನಿನ್ನೂ ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲೇ ಇದ್ದೀನಿ. ಮನೆಗೆ ಹೋಗೋ ಅಮ್ಮತ್ತಿ ಬಸ್ಸು ಬಂತು, ಹತ್ತಿದೆ, ಮತ್ತೆ ಇಳಿದುಬಿಟ್ಟೆ. ಇದನ್ನು ನಿನಗೆ ಕಳಿಸಲ್ಲ, ಆದರೂ ಬರೀತಿದ್ದೀನಿ.

ಎಸ್ಟೇಟಿನ ಕಾಫಿ ಸ್ಟೋರಿಗೆ ಬೆಂಕಿ ಯಾಕೆ ಇಟ್ಟೆ ಅಂತ ಜಡ್ಜ್ ಕೇಳಲೇ ಇಲ್ಲ. ಇಲ್ಲಿ ಏನು ನಡೀತಿದೆ ಗೊತ್ತಾ ಅಂತಷ್ಟೇ ಕೇಳಿದರು. ನೀನು ನೆಟ್ಟಗೆ ನಿಂತು, ಎಸ್ಟೇಟಿನಲ್ಲಿ ಹಾಜರಿ ಬರೆಯೋ ರೈಟರ್ ಆಗಿದ್ದಾಗ ಬೆಳಿಗ್ಗೆ ಕಾಫಿ ಪಿಕಿಂಗ್‌ಗೆ ಬಂದವರ ಹೆಸರು ಕೂಗ್ತಿದ್ದ ಹಾಗೇ ಕೂಗೋಕೆ ಶುರು ಮಾಡಿದೆ. ಲಿಂಗಮ್ಮ. ಸಣ್ಣಸ್ವಾಮಿ. ಆಮೇಲೆ ನನ್ನ ಹೆಸರು, ಕುಸುಮಾ.

ನಾನು ಓಗೊಡೋಕೆ ಬಾಯಿ ತೆರೆದೆ. "ಸುಮ್ನಿರಮ್ಮ, ನೀನು ಓಗೊಟ್ಟು ಅವನ ತಲೆ ಸರಿಯಿದೆ ಅಂತಾದ್ರೆ ಜೈಲೇ ಗತಿ" ಅಂತ ವಕೀಲರು ಗದರಿದರು.

ಈಗ ವಾಸಿಯಾಗೋ ತನಕ ನೀನು ಹುಚ್ಚಾಸ್ಪತ್ರೆಯಲ್ಲೇ ಇರಬೇಕಂತೆ. ವಾಸಿಯಾದರೆ ಕೇಸು ಮತ್ತೆ ಶುರುವಂತೆ. ಹಾಗಾದರೆ ದೇವರ ಹತ್ತಿರ ನಾನು ಏನಂತ ಬೇಡಿಕೊಳ್ಳಲಿ, ನೀನೇ ಹೇಳು. ನಿನ್ನ ಮೇಲೆ ಸಿಟ್ಟೂ ಬರ್ತಿದೆ. ಹಾಜರಿ ಹಾಕುವಾಗ ತಂಗಿ ಅಂತ ಒಂದು ದಿನವಾದರೂ ನನಗೆ ರಿಯಾಯಿತಿ ಕೊಟ್ಟವನಾ ನೀನು?

ಕೂಲಿಯವರ ಲೈನ್‌ಮನೆಯಿಂದ ತಡವಾಗಿ ಓಡಿ ಬರೋರಿಗೆ ಅಂತ ಪ್ರತಿ ಹೆಸರನ್ನೂ ಎರಡನೇ ಸಲ ಕೂಗ್ತಿದ್ದೆಯಲ್ಲ, ಇವತ್ತೂ ಕೂಗಿದೆ. ನನ್ನನ್ನೇ ನೋಡ್ತಾ, "ಕುಸುಮಾ" ಅಂದೆ. ನಾನು ತಲೆ ತಗ್ಗಿಸಿದೆ.

ಸ್ವಲ್ಪ ಹೊತ್ತು ಕಾದೆ ನೀನು. ಆಮೇಲೆ "ಬಂದಿಲ್ಲ" ಅಂದು, ಹಾಜರಿ ಪುಸ್ತಕದಲ್ಲಿ ಎಳೀತಿದ್ದ ಹಾಗೇ ಅಂಗೈ ಮೇಲೆ ಬೆರಳಿಂದ ಗೆರೆ ಎಳೆದು, ಮುಂದಿನ ಹೆಸರು ಕೂಗಿದೆ.