ನಲವತ್ತೊಂದನೇ ಪುಟ

ದಾವಣಗೆರೆ, ಇಸವಿ ೨೧೭೪, ಎರಡನೇ ಆಷಾಢದ ಮೂವತ್ತೇಳನೇ ದಿನ

ಧಾತ್ರಿ,

ತಾರೀಕು ನೋಡಿ ನಗಬೇಡ. ನಮ್ಮ ಕಾಲದ ತಿಂಗಳುಗಳೇ ಹೀಗೆ ಉದ್ದ. ನಡುವೆ ನಿನಗೆ ಗೊತ್ತಿಲ್ಲದ ಮಾತು ನುಸುಳಿದರೆ ಕ್ಷಮಿಸು. ನಾನು ನೇಸರಿ, ನಿನ್ನ ಮರಿಮೊಮ್ಮಗಳು, ವಯಸ್ಸು ಅರವತ್ತೇಳು. ನಿನಗಿನ್ನೂ ಹತ್ತು. ಹಾಗಾಗಿ ಮುತ್ತಜ್ಜಿಯಾದರೂ ನಿನ್ನನ್ನು ಏಕವಚನದಲ್ಲೇ ಬೈಯುತ್ತೇನೆ.

ನಿನ್ನ ಪಿಟೀಲು ಪಾಠದ ಪುಸ್ತಕ ನನ್ನ ಬಳಿ ಇದೆ. ನಲವತ್ತು ಪುಟದ ತುಂಬ ಸರಳೆ, ಜಂಟಿ. ನಲವತ್ತನೆಯದರ ಕೊನೆಗೆ, "ನಾಳೆಯಿಂದ ಕ್ಲಾಸ್ ಇಲ್ಲ. ಟ್ಯೂಷನ್ ಇದೆಯಂತೆ" ಎಂದು ಬರೆದಿದ್ದೀಯ. ಆಮೇಲೆ ಬರೀ ಖಾಲಿ. ಅಲ್ಲ ಮಾರಾಯ್ತಿ, ಇನ್ನು ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಇರಲಾಗಲಿಲ್ಲವೇ? ನಿನ್ನನ್ನು ನೋಡಿ ನಿನ್ನ ಮಗಳೂ ಬಿಟ್ಟಳು, ಅವಳ ಮಗಳು ಶುರುವೇ ಮಾಡಲಿಲ್ಲ. ನನ್ನ ಕಾಲಕ್ಕೆ ಗಂಟಲುಪಟ್ಟಿ ಬಂತು. ಕುತ್ತಿಗೆಗೆ ಅಂಟಿಸಿಕೊಂಡರೆ ಎಂಥ ಕತ್ತೆರಾಗವನ್ನೂ ಅದು ಶ್ರುತಿಗೆ ಕೂರಿಸುತ್ತದೆ. ಜೋಗುಳಕ್ಕೂ ಪಟ್ಟಿ, ಆರತಿಗೂ ಪಟ್ಟಿ. ಅಪಸ್ವರವನ್ನೇ ಕೇಳದೆ ಬೆಳೆದ ನಮಗೆ ಕಿವಿಗೊಟ್ಟು ಸ್ವರ ಹುಡುಕುವ ಅಭ್ಯಾಸವೇ ಆಗಲಿಲ್ಲ.

ನಮ್ಮಲ್ಲಿ ಮಗುವಿಗೆ ಹೆಸರಿಡುವುದು ಗದ್ದಲದ ನಡುವೆ. ನೆಂಟರೆಲ್ಲ ಬೇಕೆಂದೇ ಒಟ್ಟಿಗೆ ಮಾತಾಡುತ್ತಾರೆ. ತಾಯಿ ಆ ಸದ್ದಿನೊಳಗೆ ಹೆಸರನ್ನು ಒಮ್ಮೆ ಮಾತ್ರ ಹೇಳುತ್ತಾಳೆ. ಮನೆಯ ಹಿರಿಯಳು ಅದನ್ನು ಹಿಡಿದು ಎಲ್ಲರಿಗೂ ಕೂಗಿ ಹೇಳಬೇಕು. ಹೋದ ವರ್ಷ ಮೊಮ್ಮಗಳು ಇಬ್ಬನಿಯ ಮೊದಲ ಮಗುವಿಗೆ ಕೂಗಬೇಕಾದವಳು ನಾನು. ಅವಳ ತುಟಿ ಅಲ್ಲಾಡಿದ್ದು ಕಂಡಿತು, ಹೆಸರು ಕೇಳಿಸಲಿಲ್ಲ. ಕಂಬದ ಹಾಗೆ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಬೀಗಿತ್ತಿ ಕೂಗಿದಳು. "ಹೋಗ್ಲಿ ಬಿಡಜ್ಜಿ, ಯಾರು ಕೂಗಿದ್ರೇನಂತೆ" ಎಂದಳು ಇಬ್ಬನಿ. ಹೊಟ್ಟೆ ಉರಿದುಹೋಯಿತು ನನಗೆ.

ವೈದ್ಯೆಯ ಬಳಿ ಹೋಗಿ ಕಿವಿ ತೋರಿಸಿದೆ. "ಕಿವಿ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ ಅಮ್ಮ. ಗದ್ದಲದಿಂದ ಮಾತು ಹೆಕ್ಕೋದು ಮಿದುಳು. ಅದಕ್ಕೆ ಆ ಕೆಲ್ಸ ಯಾರೂ ಕಲಿಸಿಲ್ಲ" ಎಂದಳು ವೈದ್ಯೆ. ಚಿಕ್ಕಂದಿನಲ್ಲಿ ನಾಲ್ಕಾರು ವರ್ಷ ವಾದ್ಯ ಹಿಡಿದವರಿಗೆ, ಅದನ್ನು ಬಿಟ್ಟು ಐವತ್ತು ವರ್ಷವಾದರೂ ಆ ಪಳಗಿಕೆ ಒಂದಿಷ್ಟು ಉಳಿದಿರುತ್ತದಂತೆ. ಮುಪ್ಪಿನಲ್ಲಿ ಶುರುಮಾಡಿದರೂ ಪ್ರಯೋಜನವುಂಟು, ಆದರೆ ನಿಧಾನ.

ಸರಿ, ನಿನ್ನ ಪಿಟೀಲನ್ನೇ ಹಿಡಿದೆ. ಊರಿಗೆಲ್ಲ ಉಳಿದಿರುವ ಒಬ್ಬರೇ ಮೇಷ್ಟ್ರು ಮರುಳಸಿದ್ದಪ್ಪ. ಮೊದಲು ಪಟ್ಟಿ ಕಿತ್ತುಹಾಕಿಸಿ ಹಾಡಿಸುತ್ತಾರೆ, ಆಮೇಲೆ ಅದೇ ಸ್ವರವನ್ನು ತಂತಿಯ ಮೇಲೆ, "ನೀವೇ ಹುಡುಕ್ರಮ್ಮ, ನಾನು ಹೇಳಲ್ಲ" ಎನ್ನುತ್ತಾರೆ. ಎಂಟು ತಿಂಗಳಾಯಿತು. ಬೆರಳು ಬಾಗುವುದಿಲ್ಲ, ತಲೆ ಚಿಟ್ಟು ಹಿಡಿಯುತ್ತದೆ, ಎರಡು ಸಲ ಕಮಾನು ಎಸೆದಿದ್ದೇನೆ. ಮೊನ್ನೆ ಸಂತೆಯ ಗದ್ದಲದಲ್ಲಿ ಸೊಪ್ಪಿನವಳ ಮಾತು ಅರ್ಧ ತಿಳಿಯಿತು. ಎಂಟು ತಿಂಗಳಿಗೆ ಅರ್ಧ! ಇಬ್ಬನಿಯ ಎರಡನೇ ಮಗುವಿಗೆ ಹೆಸರಿಡಲು ಉಳಿದಿರುವುದು ಒಂಬತ್ತೇ ವಾರ. ಈ ಸಲ ಬೀಗಿತ್ತಿ ಬಾಯಿ ತೆರೆಯುವ ಮೊದಲು ನಾನು ಕೂಗಬೇಕು.

ನಿನ್ನನ್ನು ಕೇಳುವುದಿಷ್ಟೇ. ನಾಳೆ ಕ್ಲಾಸಿಗೆ ಹೋಗು. ಅಳು, ಹಠ ಮಾಡು, ಊಟ ಬಿಡು, ಏನಾದರೂ ಮಾಡಿ ಹೋಗು. ನೀನು ಹೋದರೆ ನಲವತ್ತೊಂದನೇ ಪುಟದಲ್ಲಿ ನಿನ್ನ ಅಕ್ಷರ ಮೂಡಿರಬೇಕು. ತಡೆ, ತೆಗೆದು ನೋಡುತ್ತೇನೆ.

ನೋಡಿದೆ. ಖಾಲಿ.

ಹೋಗಲಿ, ಪೆನ್ನು ಕೈಯಲ್ಲೇ ಇದೆ. ನನ್ನ ಇವತ್ತಿನ ಪಾಠವನ್ನು ಅಲ್ಲೇ ಬರೆದುಕೊಳ್ಳುತ್ತೇನೆ.

ನೇಸರಿ