ಅಕ್ಕನ ಮೂಗು

ಮಾರ್ಚ್ ೧೪, ಶುಕ್ರವಾರ

ಹಾಕಿ ಕ್ಲಬ್ಬಿನ ಗೋಡೆಗೆ ಒಬ್ಬ ಆಟಗಾರ್ತಿಯ ಚಿತ್ರ ಬರೆಯುವ ಕೆಲಸ ನನ್ನದು. ಯಾರ ಚಿತ್ರವೆಂದು ಇವತ್ತು ಸಭೆಯಲ್ಲಿ ದೊಡ್ಡ ಜಗಳ. ಅತಿ ಹೆಚ್ಚು ಗೋಲು ಹೊಡೆದವಳದೇ ಆಗಬೇಕೆಂದರು ಕಾರ್ಯದರ್ಶಿ. ಗೋಲ್‌ಕೀಪರ್ ಆಗಿದ್ದ ಅಕ್ಕನ ಹೆಸರು ನನ್ನ ನಾಲಿಗೆ ತುದಿಯಲ್ಲಿತ್ತು. ಒಡಹುಟ್ಟಿದವನು ಹೇಗೆ ಹೇಳಲಿ?

ಮೈದಾನಕ್ಕೆ ನೀರು ಹಾಯಿಸುವ ಮುದುಕ ಎದ್ದು ನಿಂತ. "ಗೋಲು ಹೊಡೆದೋಳು ಗೆಲ್ಲಿಸಿ ದೊಡ್ಡ ತಂಡಕ್ಕೆ ಹೋದ್ಲು. ಹದಿನಾಲ್ಕು ವರ್ಷ, ಸೋತಾಗೆಲ್ಲ ನಮ್ಮ ಜೊತೆ ನಿಂತು ಅತ್ತೋಳು ಗೋಲ್‌ಕೀಪರಮ್ಮ."

ಅಕ್ಕನೇ ಎಂದು ತೀರ್ಮಾನವಾಯಿತು.

ಮನೆಗೆ ಬಂದು ಹೇಳಿದರೆ ಅಕ್ಕ ನಂಬಲೇ ಇಲ್ಲ. "ನನ್ನ ಮುಖ ಯಾವಾಗ್ಲೂ ಹೆಲ್ಮೆಟ್ ಒಳಗೇ ಇತ್ತಲ್ಲೋ, ಯಾರಿಗೆ ಗುರುತು ಸಿಗುತ್ತೆ?"

"ಹೆಲ್ಮೆಟ್ ತೆಗೆದೇ ಬರೀತೀನಿ ಕಣಕ್ಕ."

ಕಣ್ಣೊರೆಸಿಕೊಂಡು ಒಳಗೆ ಹೋದವಳು ಮತ್ತೆ ಇಣುಕಿದಳು. "ಮೂಗು ಸ್ವಲ್ಪ ಚಿಕ್ಕದು ಮಾಡೋ."

ಆ ಮೂಗನ್ನು ಎಷ್ಟು ಆಡಿಕೊಂಡಿದ್ದೇನೆ ನಾನು! ಕೂದಲೆಳೆಯಷ್ಟೂ ಚಿಕ್ಕದು ಮಾಡುವುದಿಲ್ಲ.