ನೇಪಾಳಕ್ಕೆ ಹೊರಟ ಬೀಜ

ಆರಗ, ಬುಧವಾರ

ಶಿವಲಿಂಗಪ್ಪ ಸಾವ್ಕಾರರಿಗೆ ಶರಣು.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೇಪಾಳವನ್ನು ನಾನು ಕಂಡಿಲ್ಲ, ಕನಸಿನ ಹೊಲ ನಮ್ಮ ಪಕ್ಕದ ಖಂಡೇರಾಜುರಿ ಊರಿನ ಹೊಲದ ಹಾಗೇ ಇತ್ತು. ನಮ್ಮ ಸರ್ಕಾರ ನಿಮ್ಮಿಂದ ಕೊಂಡು ಅಲ್ಲಿನ ರೈತರಿಗೆ ಕೊಟ್ಟ ಅರಿಶಿನದ ಬೀಜ ನೆಟ್ಟಿದ್ದರು, ಒಂದೂ ಮೊಳಕೆ ಇರಲಿಲ್ಲ. ಎದ್ದವಳೇ ಶೆಡ್ಡಿಗೆ ಓಡಿದೆ. ಪುಡಿಗೆಂದು ಬೇಯಿಸಿ ಒಣಹಾಕಲು ಇಟ್ಟಿದ್ದರಲ್ಲಿ ನಾಲ್ಕು ಚೀಲ ಇಲ್ಲ. ಹಸಿ ಬೀಜದ ನಾಲ್ಕು ಚೀಲ ಮೂಲೆಯಲ್ಲೇ ಕೂತಿವೆ. ಬಾಯಿ ಹೊಲಿದು ಲಾರಿಗೆ ಕೊಟ್ಟವಳು ನಾನೇ. ಬೀಜವನ್ನೂ ಔಷಧಿಯಲ್ಲಿ ಅದ್ದಿದ್ದರಿಂದ ಎರಡೂ ಒದ್ದೆ ಇದ್ದವು, ಅವಸರದಲ್ಲಿ ಕೈಗೆ ತಿಳಿಯಲಿಲ್ಲ. ಬೆಂದದ್ದು ಮೊಳೆಯುವುದಿಲ್ಲ, ನಿಮಗೆ ನಾನು ಹೇಳಬೇಕೇ.

ಮೊನ್ನೆ ಬಂದ ನೇಪಾಳದ ರೈತ ಚೀಲ ಬಿಚ್ಚಿಸಲೇ ಇಲ್ಲ. ಅವನ ಹಿಂದಿಯನ್ನು ನೀವೇ ನಮಗೆ ತಿಳಿಸಿದಿರಿ: “ನೆರೆ ದೇಶಗಳ ಕೂಟದಾಗ ನಿಮ್ಮದ ದೊಡ್ಡ ದೇಶ, ನೀವು ಕೊಟ್ಟದ್ದು ಯಾಕ ಬಿಚ್ಚಿ ನೋಡೂಣು ಅಂತಾನವಾ.” ನನ್ನ ಜೊತೆ ಚೀಲ ತುಂಬುವ ನೀಲಗಂಗವ್ವ, “ನಮ್ಮ ಅವಸರದ ಕೈಕೆಲಸ ನೋಡಿದ್ರ ಹಂಗ ಅಂತಿದ್ದಿಲ್ಲ ಬಿಡ್ರಿ” ಎಂದಳು, ಎಲ್ಲರೂ ನಕ್ಕೆವು. ಈಗ ಅವಳ ಮಾತೇ ನಿಜವಾಯಿತು.

ಲಾರಿಯ ಜೊತೆ ಮಿರಜಕ್ಕೆ ಹೋದ ನಿಮಗೆ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಮಾಲು ನಾಳೆ ಅಲ್ಲಿ ರೈಲಿಗೆ ಏರುತ್ತದಂತೆ. ನಮ್ಮ ಮನೆಯವರ ಟೆಂಪೋದಲ್ಲಿ ಹಸಿಯ ನಾಲ್ಕು ಚೀಲ, ಈ ಚೀಟಿ ಕಳಿಸಿದ್ದೇನೆ. ನನ್ನನ್ನು ಕೆಲಸದಿಂದ ತೆಗೆದರೂ ಸರಿ, ಚೀಲ ಬದಲಿಸಿರಿ. ಪ್ರತಿ ಚೀಲದ ಒಂದು ಗಡ್ಡೆಗೆ ಕಸಬರಿಗೆ ಕಡ್ಡಿ ಚುಚ್ಚಿರಿ, ಸಲೀಸಾಗಿ ಹೊಕ್ಕರೆ ಅದು ಬೆಂದದ್ದು. ನಾಲ್ಕು ಸಿಕ್ಕವೆಂದು ನಿಲ್ಲಿಸಬೇಡಿರಿ. ನಾನು ಎಣಿಸಿದ್ದೂ ತಪ್ಪಿರಬಹುದು, ಉಳಿದವನ್ನೂ ಇನ್ನೊಮ್ಮೆ ಚುಚ್ಚಿ ನೋಡಿರಿ.

ನಿಮ್ಮ ಶೆಡ್ಡಿನ
ರುಕ್ಮವ್ವ